ಕೋಟಾ ಮತ್ತು ಕೂಲಿ: ಕಾಂಬೋಡಿಯಾದ ಸಿದ್ಧ ಉಡುಪು ಕಾರ್ಖಾನೆಗಳು

1974ರಿಂದ ಜಾರಿಯಲ್ಲಿದ್ದ ಮಲ್ಟಿ ಫೈಬರ್ ಒಪ್ಪಂದವು ಬಡ ದೇಶಗಳಿಂದ ಅಮೆರಿಕ ಮತ್ತು ಯುರೋಪಿಗೆ ಹೋಗುವ ಬಟ್ಟೆ, ಉಡುಪುಗಳಿಗೆ ವಾರ್ಷಿಕ ಮಿತಿಯನ್ನು, ಅಂದರೆ ಕೋಟಾವನ್ನು ವಿಧಿಸಿತ್ತು. ಬೆಂಗಳೂರಿನ ಗಾರ್ಮೆಂಟ್ ಉದ್ಯಮವೂ ಈ ವ್ಯವಸ್ಥೆಯೊಳಗೇ ಬೆಳೆಯಿತು. ಇಂಥ ವಾಣಿಜ್ಯಕ್ಕೆ ಕಾರ್ಮಿಕ ಹಕ್ಕುಗಳ ಷರತ್ತನ್ನೂ ಜೋಡಿಸುವ ಮಾತು ಬಂದಾಗ, ಭಾರತ ಅದನ್ನು ವಿಶ್ವ ವಾಣಿಜ್ಯ ಸಂಸ್ಥೆಯ 1996ರ ಸಿಂಗಪುರ ಸಮ್ಮೇಳನದಲ್ಲಿ ಬಲವಾಗಿ ವಿರೋಧಿಸಿತು. ಶ್ರೀಮಂತ ದೇಶಗಳು ಇದೇ ನೆಪದಲ್ಲಿ ತಮ್ಮ ಮಾರುಕಟ್ಟೆಯ ಬಾಗಿಲು ಮುಚ್ಚಬಹುದೆಂಬ ಆ ಆತಂಕ ನಿರಾಧಾರವಾದುದಲ್ಲ.

1999ರ ಜನವರಿಯಲ್ಲಿ ಅಮೆರಿಕ ಮತ್ತು ಕಾಂಬೋಡಿಯಾ ಮಾಡಿಕೊಂಡ ಒಪ್ಪಂದ ಬೇರೆ ದಾರಿ ಹಿಡಿಯಿತು. ಕಾಂಬೋಡಿಯಾ ತನ್ನದೇ 1997ರ ಕಾರ್ಮಿಕ ಕಾನೂನನ್ನು ಬಹುಮಟ್ಟಿಗೆ ಪಾಲಿಸಿದರೆ ಕೋಟಾವನ್ನು ವರ್ಷಕ್ಕೆ ಶೇ. 14ರವರೆಗೆ ಹೆಚ್ಚಿಸುವುದಾಗಿ ಅಮೆರಿಕ ಹೇಳಿತು. ಅಂದರೆ ಇಲ್ಲಿ ಶಿಕ್ಷೆಯ ಬೆದರಿಕೆಗಿಂತ ಬಹುಮಾನದ ಭರವಸೆಯೇ ಮುಂದಿತ್ತು. ಪಾಲನೆಯನ್ನು ಪರೀಕ್ಷಿಸುವ ಹೊಣೆ ಹೊತ್ತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ತಪಾಸಕರು 2001ರಿಂದ ಮುನ್ಸೂಚನೆಯಿಲ್ಲದೆ ಕಾರ್ಖಾನೆ ಹೊಕ್ಕು, ಕೂಲಿಯ ಲೆಕ್ಕಪುಸ್ತಕ, ಹೆಚ್ಚುವರಿ ದುಡಿಮೆಯ ಗಂಟೆಗಳು, ತುರ್ತು ಬಾಗಿಲುಗಳನ್ನು ಪರಿಶೀಲಿಸಿ, ಹೊಲಿಗೆ ಯಂತ್ರದ ಮುಂದೆ ಕುಳಿತ ಹೆಣ್ಣುಮಕ್ಕಳನ್ನು ಮಾತನಾಡಿಸುತ್ತಿದ್ದರು. ತಪಾಸಣೆಗೆ ಒಪ್ಪದ ಕಾರ್ಖಾನೆಗೆ ರಫ್ತಿನ ಅವಕಾಶವಿರಲಿಲ್ಲ. ತಪ್ಪು ತಿದ್ದಿಕೊಳ್ಳದ ಕಾರ್ಖಾನೆಯ ಹೆಸರು ವರದಿಯಲ್ಲಿ ಪ್ರಕಟವಾಗುತ್ತಿತ್ತು. ನಿಯಮಗಳು ಬಿಗಿಯಾದರೆ ಉದ್ಯೋಗ ಕುಸಿಯುತ್ತದೆಂಬ ವಾದಕ್ಕೆ ವಿರುದ್ಧವಾಗಿ, ಈ ವರ್ಷಗಳಲ್ಲಿ ಉದ್ಯಮದ ಕಾರ್ಮಿಕರ ಸಂಖ್ಯೆ ಎರಡು ಲಕ್ಷವನ್ನು ದಾಟಿತು. ಇವರಲ್ಲಿ ಬಹುಪಾಲು ಹಳ್ಳಿಗಳಿಂದ ಫ್ನೋಮ್ ಪೆನ್‌ಗೆ ಬಂದ ಯುವತಿಯರು.

ಆದರೆ ಕೋಟಾ ವ್ಯವಸ್ಥೆಯೇ 2005ರ ಜನವರಿ 1ರಂದು ಕೊನೆಗೊಂಡಿತು. ತಪಾಸಣೆ ಮುಂದುವರಿದರೂ ಅದರ ಬೆನ್ನಿಗಿದ್ದ ಬಹುಮಾನ ಇಲ್ಲವಾಯಿತು, ಕಾರ್ಖಾನೆಗಳ ಹೆಸರನ್ನು ಪ್ರಕಟಿಸುವ ಪದ್ಧತಿಯೂ ನಿಂತುಹೋಯಿತು. ಒಪ್ಪಂದದ ಮೂಲ ಕೊರತೆ ಇನ್ನೂ ಆಳದಲ್ಲಿತ್ತು: ನಿಗದಿಯಾದ ಕೂಲಿ ಕೈಗೆ ಸಂದಿದೆಯೇ ಎಂಬುದನ್ನು ಅದು ಅಳೆಯಿತೇ ಹೊರತು, ಆ ಕೂಲಿ ಬದುಕಿಗೆ ಸಾಲುತ್ತದೆಯೇ ಎಂಬುದನ್ನಲ್ಲ. 2000ದಲ್ಲಿ ತಿಂಗಳಿಗೆ 45 ಡಾಲರ್ ಇದ್ದ ಕನಿಷ್ಠ ಕೂಲಿ 2013ರಲ್ಲಿಯೂ 80 ಡಾಲರನ್ನಷ್ಟೇ ಮುಟ್ಟಿತ್ತು. 160 ಡಾಲರ್ ಕೇಳಿ ಬೀದಿಗಿಳಿದವರ ಮೇಲೆ 2014ರ ಜನವರಿ 3ರಂದು ಭದ್ರತಾ ಪಡೆಗಳು ಗುಂಡು ಹಾರಿಸಿದವು. ಕನಿಷ್ಠ ನಾಲ್ವರು ಸತ್ತರು. ಹೆಸರು ಪ್ರಕಟಿಸುವ ಪದ್ಧತಿಗೆ ಮರುಜೀವ ಬಂದದ್ದು ಅದೇ ವರ್ಷ.

2020ರ ಆಗಸ್ಟ್‌ನಲ್ಲಿ ಯುರೋಪಿಯನ್ ಒಕ್ಕೂಟವು ಮಾನವ ಹಕ್ಕುಗಳ ಉಲ್ಲಂಘನೆಯ ಕಾರಣಕ್ಕೆ ಕಾಂಬೋಡಿಯಾಕ್ಕಿದ್ದ ಸುಂಕ ವಿನಾಯಿತಿಯನ್ನು ಭಾಗಶಃ ಹಿಂತೆಗೆದುಕೊಂಡಿತು. ಉಲ್ಲಂಘಿಸಿದ್ದು ಸರ್ಕಾರ, ಸುಂಕ ಬಿದ್ದದ್ದು ಆ ಹೆಣ್ಣುಮಕ್ಕಳು ಹೊಲಿದ ಉಡುಪುಗಳ ಮೇಲೆ.