ಹಂದಿ ಜ್ವರ: ಸೋಸಿ ತೆಗೆಯಲಾಗದ ರೋಗಾಣುವಿನ ಬೆನ್ನು ಹತ್ತಿದ ಕಥೆ

1830ರ ದಶಕದಲ್ಲಿ ಅಮೆರಿಕದ ಒಹಾಯೊ ರಾಜ್ಯದ ಹಂದಿಗಳಲ್ಲಿ ಒಂದು ಮಾರಕ ಜ್ವರ ಕಾಣಿಸಿಕೊಂಡಿತು. ರೋಗ ತಗಲಿದ ಹಂದಿ ಮೊದಲು ಮೇವು ಬಿಡುತ್ತಿತ್ತು. ಮೈ ಸುಡುತ್ತಿದ್ದರೂ ಚಳಿ ಹಿಡಿದಂತೆ ಇತರ ಹಂದಿಗಳ ಮೈಮೇಲೆ ಒರಗಿ ಗುಂಪಾಗಿ ಮಲಗುತ್ತಿತ್ತು. ಕಣ್ಣಿಗೆ ಪಿಸಿರು ಮೆತ್ತಿಕೊಳ್ಳುತ್ತಿತ್ತು, ನಡೆಯುವಾಗ ಹಿಂಗಾಲು ತೂರಾಡುತ್ತಿದ್ದವು, ಕಿವಿ ಮತ್ತು ಹೊಟ್ಟೆಯ ಚರ್ಮ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಸತ್ತ ಹಂದಿಯನ್ನು ಕೊಯ್ದು ನೋಡಿದರೆ ಮೂತ್ರಪಿಂಡದ ತುಂಬ ಸಣ್ಣ ಸಣ್ಣ ರಕ್ತದ ಚುಕ್ಕೆ, ದೊಡ್ಡ ಕರುಳಿನ ಒಳಗೋಡೆಯಲ್ಲಿ ಗುಂಡಿಯಾಕಾರದ ಹುಣ್ಣು. ದೊಡ್ಡಿಯಲ್ಲಿ ಒಂದಕ್ಕೆ ಬಂದರೆ ಕೆಲವೇ ವಾರಗಳಲ್ಲಿ ಹೆಚ್ಚಿನವು ಸಾಯುತ್ತಿದ್ದವು.

ಅಮೆರಿಕದ ರೈತರು ಇದನ್ನು ಹಂದಿ ಕಾಲರಾ ಎಂದು ಕರೆದರು. ಮನುಷ್ಯರ ಕಾಲರಾಕ್ಕೂ ಇದಕ್ಕೂ ಸಂಬಂಧವಿಲ್ಲ; ಈ ರೋಗ ಮನುಷ್ಯರಿಗೆ ಬರುವುದೂ ಇಲ್ಲ. 2009ರಲ್ಲಿ ಜಗತ್ತನ್ನು ಸುತ್ತಿದ, ಪತ್ರಿಕೆಗಳು ಹಂದಿ ಜ್ವರ ಎಂದು ಬರೆದ ಎಚ್1ಎನ್1 ಇನ್‌ಫ್ಲುಯೆಂಜಾ ಕೂಡ ಬೇರೆಯೇ. ಪಶುವೈದ್ಯರು ಹಂದಿ ಜ್ವರ ಎನ್ನುವುದು ಒಹಾಯೊದಲ್ಲಿ ಕಂಡ ಈ ಹಳೆಯ ರೋಗವನ್ನೇ.

ಅಯೋವಾ, ಇಲಿನಾಯ್, ಇಂಡಿಯಾನಾ ರಾಜ್ಯಗಳ ರೈತರು ಬೆಳೆದ ಮೆಕ್ಕೆಜೋಳದ ದೊಡ್ಡ ಪಾಲು ಹಂದಿಗಳ ಹೊಟ್ಟೆ ಸೇರುತ್ತಿತ್ತು. ಜೋಳವನ್ನು ಹಾಗೆಯೇ ಮಾರುವುದಕ್ಕಿಂತ ಹಂದಿಗೆ ತಿನ್ನಿಸಿ ಮಾರುವುದು ಲಾಭದ ದಾರಿಯಾಗಿತ್ತು. ಹೊಲದ ಮೇಲಿನ ಸಾಲ ತೀರುತ್ತಿದ್ದುದೂ ಹಂದಿ ಮಾರಿದ ದುಡ್ಡಿನಿಂದಲೇ. ರೈಲು ಬಂದ ಮೇಲೆ ಹಂದಿಗಳ ಜೊತೆ ರೋಗವೂ ದೂರದ ಊರುಗಳಿಗೆ ಹೋಯಿತು. ದೊಡ್ಡಿ ಖಾಲಿಯಾಯಿತೆಂದರೆ ಆ ವರ್ಷದ ದುಡಿಮೆಯೆಲ್ಲ ಮಣ್ಣುಪಾಲು.

ಅಮೆರಿಕ ಸರ್ಕಾರ 1884ರಲ್ಲಿ ಪಶು ಉದ್ಯಮ ಬ್ಯೂರೋವನ್ನು ಸ್ಥಾಪಿಸಿದಾಗ ಅದರ ಮುಂದಿದ್ದ ತುರ್ತು ಕೆಲಸಗಳಲ್ಲಿ ಹಂದಿ ಜ್ವರವೂ ಒಂದು. ಬ್ಯೂರೋದ ಮೊದಲ ಮುಖ್ಯಸ್ಥ ಡೇನಿಯಲ್ ಸಾಲ್ಮನ್ ಮತ್ತು ಅವರ ಸಹಾಯಕ ಥಿಯೊಬಾಲ್ಡ್ ಸ್ಮಿತ್ 1885ರಲ್ಲಿ ರೋಗಪೀಡಿತ ಹಂದಿಗಳ ದೇಹದಿಂದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ, ರೋಗಕ್ಕೆ ಅದೇ ಕಾರಣವೆಂದು ಸಾರಿದರು. ಸಾಲ್ಮನ್ನರ ಹೆಸರಿನಿಂದಲೇ ಮುಂದೆ ಈ ಬ್ಯಾಕ್ಟೀರಿಯಾದ ಕುಲಕ್ಕೆ ಸಾಲ್ಮೊನೆಲ್ಲಾ ಎಂಬ ಹೆಸರು ಬಂತು. 1886ರಲ್ಲಿ ಅವರಿಬ್ಬರೂ ಕಾಯಿಸಿ ಕೊಂದ ಬ್ಯಾಕ್ಟೀರಿಯಾವನ್ನು ಪಾರಿವಾಳಗಳಿಗೆ ಚುಚ್ಚಿ, ಸತ್ತ ರೋಗಾಣುವೂ ರಕ್ಷಣೆ ಕೊಡಬಲ್ಲುದೆಂದು ತೋರಿಸಿದರು. ಲಸಿಕೆಯ ಇತಿಹಾಸದಲ್ಲಿ ಅದು ದೊಡ್ಡ ಹೆಜ್ಜೆ. ಹಂದಿ ಜ್ವರದ ಕಾರಣದ ವಿಷಯದಲ್ಲಿ ಮಾತ್ರ ಅವರ ನಿರ್ಣಯ ತಪ್ಪಾಗಿತ್ತು.

ಅದು ಅಜಾಗರೂಕತೆಯ ತಪ್ಪಲ್ಲ. ಆ ಬ್ಯಾಕ್ಟೀರಿಯಾ ಕಾಯಿಲೆಯ ಹಂದಿಗಳ ಕರುಳಿನಲ್ಲಿ ನಿಜಕ್ಕೂ ಸಿಗುತ್ತಿತ್ತು. ಅದನ್ನು ಬೆಳೆಸಿ ಚುಚ್ಚಿದರೆ ಹಂದಿ ಸಾಯುತ್ತಲೂ ಇತ್ತು. ಆ ಕಾಲದ ವಿಜ್ಞಾನ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಕೇಳುತ್ತಿರಲಿಲ್ಲ. ಆದರೆ ದೊಡ್ಡಿಗಳಲ್ಲಿ ಲೆಕ್ಕ ತಾಳೆಯಾಗಲಿಲ್ಲ. ಬ್ಯಾಕ್ಟೀರಿಯಾ ಚುಚ್ಚಿಸಿಕೊಂಡು ಕಾಯಿಲೆ ಬಿದ್ದ ಹಂದಿ ಪಕ್ಕದ ಹಂದಿಗೆ ರೋಗ ಅಂಟಿಸುತ್ತಿರಲಿಲ್ಲ. ಅದರಿಂದ ಚೇತರಿಸಿಕೊಂಡ ಹಂದಿಯನ್ನು ರೋಗವಿರುವ ದೊಡ್ಡಿಗೆ ಬಿಟ್ಟರೆ ಜ್ವರ ಬಂದು ಸಾಯುತ್ತಿತ್ತು. ಸಹಜವಾಗಿ ರೋಗ ಬಂದು ಬದುಕಿಕೊಂಡ ಹಂದಿಗೆ ಮಾತ್ರ ಅದು ಮತ್ತೆ ಬರುತ್ತಿರಲಿಲ್ಲ. ಬ್ಯಾಕ್ಟೀರಿಯಾವನ್ನೇ ನೆಚ್ಚಿ ತಯಾರಿಸಿದ ಸೀರಂ ಕೂಡ ಭರವಸೆಯ ಫಲ ಕೊಡಲಿಲ್ಲ.

ಗಂಟು ಬಿಚ್ಚಿದವರು ಬ್ಯೂರೋದ ಜೀವರಸಾಯನ ವಿಭಾಗದ ಎಮಿಲ್ ಡಿ ಶ್ವೈನಿಟ್ಸ್ ಮತ್ತು ಮೇರಿಯನ್ ಡಾರ್ಸೆಟ್. ಟೆನೆಸಿ ರಾಜ್ಯದಲ್ಲಿ 1872ರಲ್ಲಿ ಹುಟ್ಟಿದ ಡಾರ್ಸೆಟ್ 1894ರಲ್ಲಿ ಬ್ಯೂರೋ ಸೇರಿದ್ದರು. ಬ್ಯಾಕ್ಟೀರಿಯಾ ನುಸುಳದಷ್ಟು ಸೂಕ್ಷ್ಮ ರಂಧ್ರಗಳಿರುವ ಸೋಸುಕದಲ್ಲಿ ಸೋಸಿದ ಮೇಲೂ ಕಾಲುಬಾಯಿ ರೋಗದ ದ್ರವ ರೋಗ ತರುತ್ತದೆಂದು 1898ರಲ್ಲಿ ಜರ್ಮನಿಯ ಲೋಫ್ಲರ್ ಮತ್ತು ಫ್ರೋಶ್ ತೋರಿಸಿದ್ದರು. ಡಿ ಶ್ವೈನಿಟ್ಸ್ ಮತ್ತು ಡಾರ್ಸೆಟ್ ಅದೇ ಪರೀಕ್ಷೆಯನ್ನು ಹಂದಿಗಳ ಮೇಲೆ ನಡೆಸಿದರು. ಅಯೋವಾದ ಕಾಯಿಲೆ ಹಂದಿಗಳ ರಕ್ತದ್ರವವನ್ನು ಸೋಸಿ ಆರೋಗ್ಯವಂತ ಹಂದಿಗಳಿಗೆ ಚುಚ್ಚಿದರು. ಸೋಸಿದ ದ್ರವದಲ್ಲಿ ಬ್ಯಾಕ್ಟೀರಿಯಾ ಇರಲಿಲ್ಲ. ಹಂದಿಗಳಿಗೆ ಜ್ವರ ಬಂತು, ಜೊತೆಗಿದ್ದವಕ್ಕೂ ಹರಡಿತು, ಬದುಕುಳಿದವು ಮತ್ತೆ ರೋಗಕ್ಕೆ ತುತ್ತಾಗಲಿಲ್ಲ. ಸೂಕ್ಷ್ಮದರ್ಶಕಕ್ಕೂ ಕಾಣದ ವೈರಸ್ ರೋಗದ ಮೂಲ, ಸಾಲ್ಮನ್ ಕಂಡ ಬ್ಯಾಕ್ಟೀರಿಯಾ ಸೋತ ದೇಹಕ್ಕೆ ಆಮೇಲೆ ನುಗ್ಗುವಂಥದು ಎಂಬುದು 1903ರ ಈ ಪ್ರಯೋಗಗಳಿಂದ ತಿಳಿಯಿತು. ಮರುವರ್ಷ ಡಿ ಶ್ವೈನಿಟ್ಸ್ ತೀರಿಕೊಂಡರು. ವಿಭಾಗದ ಹೊಣೆ ಡಾರ್ಸೆಟ್‌ಗೆ ಬಂತು.

ಬದುಕಿಕೊಂಡ ಹಂದಿಗೆ ರೋಗ ಮರುಕಳಿಸದು ಎಂಬ ರೈತರ ಅನುಭವವೇ ಮುಂದಿನ ದಾರಿಯಾಯಿತು. ಅಂಥ ಹಂದಿಗೆ ವೈರಸ್ ತುಂಬಿದ ರಕ್ತವನ್ನು ದೊಡ್ಡ ಪ್ರಮಾಣದಲ್ಲಿ ಚುಚ್ಚಿದರೆ ಅದರ ರಕ್ತದಲ್ಲಿ ರೋಗನಿರೋಧಕ ಶಕ್ತಿ ಮತ್ತಷ್ಟು ಹೆಚ್ಚುವುದನ್ನು ಡಾರ್ಸೆಟ್ ಮತ್ತು ಅವರ ಸಂಗಡಿಗರಾದ ಮೆಕ್‌ಬ್ರೈಡ್, ನೈಲ್ಸ್ ಕಂಡುಕೊಂಡರು. ಅದರ ಸೀರಂ ಬೇರೆ ಹಂದಿಗಳನ್ನು ಕಾಪಾಡುತ್ತಿತ್ತು, ಆದರೆ ಕೆಲವೇ ವಾರಗಳ ಮಟ್ಟಿಗೆ. ರಕ್ಷಣೆ ಬಾಳಿಕೆ ಬರಲೆಂದು ಒಂದು ತೊಡೆಸಂದಿಗೆ ಸೀರಂ, ಇನ್ನೊಂದಕ್ಕೆ ಜೀವಂತ ವೈರಸ್ಸಿರುವ ಸ್ವಲ್ಪ ರಕ್ತ, ಎರಡನ್ನೂ ಒಟ್ಟಿಗೆ ಚುಚ್ಚುವ ಕ್ರಮ ಬಂತು. 1907ರಲ್ಲಿ ಅಯೋವಾದ ಏಮ್ಸ್ ಸುತ್ತಮುತ್ತಲಿನ ಹೊಲಮನೆಗಳಲ್ಲಿ ಇದು ಗೆದ್ದಿತು. ಮರುವರ್ಷ ಬೇರೆ ಬೇರೆ ರಾಜ್ಯಗಳವರನ್ನು ಅಲ್ಲಿಗೆ ಕರೆಸಿ ವಿಧಾನ ಕಲಿಸಲಾಯಿತು.

ಸೀರಂ ತಯಾರಿಕೆ ಸುಲಭದ ಕೆಲಸವಾಗಿರಲಿಲ್ಲ. ರೋಗ ಗೆದ್ದ ಹಂದಿಯನ್ನು ಕಟ್ಟಿಹಾಕಿ ವೈರಸ್ ರಕ್ತವನ್ನು ಕಿವಿಯ ರಕ್ತನಾಳಕ್ಕೆ ಏರಿಸುತ್ತಿದ್ದರು. ಕೆಲವು ದಿನ ಬಿಟ್ಟು ಅದರ ಬಾಲವನ್ನು ತೊಳೆದು, ತುದಿ ಕತ್ತರಿಸಿ, ಸುರಿದ ರಕ್ತವನ್ನು ಶುದ್ಧ ಪಾತ್ರೆಗೆ ಹಿಡಿಯುತ್ತಿದ್ದರು. ವಾರ ಕಳೆದ ಮೇಲೆ ಬಾಲವನ್ನು ಇನ್ನಷ್ಟು ಮೇಲಕ್ಕೆ ಕತ್ತರಿಸಿ ಮತ್ತೆ ರಕ್ತ ಹಿಡಿಯುವುದು, ಕಡೆಗೆ ಪ್ರಾಣಿಯನ್ನೇ ಕೊಂದು ಉಳಿದ ರಕ್ತ ತೆಗೆಯುವುದು. ಹೆಪ್ಪುಗಟ್ಟುವ ಅಂಶ ತೆಗೆದು, ಕೆಡದಂತೆ ಫೀನಾಲ್ ಬೆರೆಸಿ ಬಾಟಲಿಗೆ ತುಂಬುತ್ತಿದ್ದರು. ಕಾಪಾಡಿದ ಹಂದಿಗಳ ಹಿಂದೆ ಹೀಗೆ ರಕ್ತ ಕೊಟ್ಟು ಸತ್ತ ಹಂದಿಗಳು ಅಸಂಖ್ಯ.

ಡಾರ್ಸೆಟ್ ತಮ್ಮ ವಿಧಾನಕ್ಕೆ ಪೇಟೆಂಟ್ ಪಡೆದರು. ಯಾವ ಅಮೆರಿಕನ್ನನಾದರೂ ಅದನ್ನು ರಾಯಧನ ಕೊಡದೆ ಬಳಸಬಹುದು ಎಂಬುದು ಅವರ ಇಚ್ಛೆ. ಸಿರಿವಂತರಾಗುವ ಅವಕಾಶವಿದ್ದರೂ ಅವರು ಸರ್ಕಾರಿ ಸಂಬಳದಲ್ಲೇ 1935ರಲ್ಲಿ ಸಾಯುವವರೆಗೂ ದುಡಿದರು. ಈ ಮನುಷ್ಯನ ಹೆಸರು ಹೆಚ್ಚು ಜನರಿಗೆ ಗೊತ್ತಿಲ್ಲದಿರುವುದು ನ್ಯಾಯವಲ್ಲ. ಆದರೆ ಪೇಟೆಂಟಿನ ಮುಕ್ತತೆಯನ್ನು ದುರುಪಯೋಗ ಮಾಡಿಕೊಂಡವರೂ ಇದ್ದರು. ಸತ್ವವಿಲ್ಲದ, ಕೊಳಕು ಸೀರಂ ಮಾರುಕಟ್ಟೆಗೆ ಬಂತು. 1913ರ ಪಿಡುಗಿನಲ್ಲಿ ಸುಮಾರು 60 ಲಕ್ಷ ಹಂದಿಗಳು ಸತ್ತವು. ಅದೇ ವರ್ಷ ಪಶುಗಳ ಸೀರಂ, ಲಸಿಕೆಗಳ ತಯಾರಿಕೆಗೆ ಸರ್ಕಾರದ ಪರವಾನಗಿ ಕಡ್ಡಾಯ ಮಾಡಿದ ಕಾಯ್ದೆ ಬಂತು. ಅಮೆರಿಕದಲ್ಲಿ ಪಶು ಲಸಿಕೆಗಳಿಗೆ ಇಂದಿಗೂ ಅದೇ ಆಧಾರ.

ವಿಧಾನದ ಒಡಲಲ್ಲೇ ಒಂದು ದೋಷವಿತ್ತು. ಚುಚ್ಚುತ್ತಿದ್ದುದು ಪೂರ್ಣ ಶಕ್ತಿಯ ಜೀವಂತ ವೈರಸ್. ಸೀರಂ ಕಡಿಮೆಯಾದರೆ ಚುಚ್ಚುಮದ್ದೇ ರೋಗ ತರುತ್ತಿತ್ತು. ರೋಗವಿಲ್ಲದ ಊರಿಗೂ ವೈರಸ್ ಬಾಟಲಿಯಲ್ಲಿ ಹೋಗುತ್ತಿತ್ತು. ಡಾರ್ಸೆಟ್ ಇದನ್ನು ಬಲ್ಲವರೇ. ಕ್ರಿಸ್ಟಲ್ ವಯಲೆಟ್ ಎಂಬ ಬಣ್ಣದಿಂದ ವೈರಸ್ಸನ್ನು ನಿಷ್ಕ್ರಿಯಗೊಳಿಸಿದ ಲಸಿಕೆಯ ಮೇಲೆ ಅವರು ಕೊನೆಯ ವರ್ಷಗಳನ್ನು ಕಳೆದರು. 1946ರಲ್ಲಿ ಜೇಮ್ಸ್ ಬೇಕರ್ ಮತ್ತು ಹಿಲರಿ ಕಾಪ್ರೋವ್‌ಸ್ಕಿ ಬೇರೆ ಬೇರೆಯಾಗಿ, ವೈರಸ್ಸನ್ನು ಮೊಲದಿಂದ ಮೊಲಕ್ಕೆ ದಾಟಿಸುತ್ತಾ ಹಂದಿಯ ಮಟ್ಟಿಗೆ ಅದರ ಕ್ರೌರ್ಯವನ್ನು ತಗ್ಗಿಸಬಹುದೆಂದು ವರದಿ ಮಾಡಿದರು. 1950ರ ದಶಕದಲ್ಲಿ ಚೀನಾದಲ್ಲಿ ನೂರಾರು ಬಾರಿ ಮೊಲಗಳಲ್ಲಿ ದಾಟಿಸಿ ಪಳಗಿಸಿದ ಸಿ-ತಳಿ ಇವುಗಳಲ್ಲೆಲ್ಲ ಹೆಚ್ಚು ಸುರಕ್ಷಿತವೆನಿಸಿ ಹಲವು ದೇಶಗಳಿಗೆ ಹರಡಿತು.

ಅಮೆರಿಕ ಬೇರೆ ದಾರಿ ಹಿಡಿಯಿತು. ರೋಗವನ್ನು ಹತೋಟಿಯಲ್ಲಿಡುವುದರ ಬದಲು ಬೇರುಸಹಿತ ಕೀಳಬೇಕೆಂದು 1961ರಲ್ಲಿ ಕಾಯ್ದೆ ಮಾಡಿತು. ಹೋಟೆಲು, ಮನೆಗಳ ಮುಸುರೆಯಲ್ಲಿ ಹಸಿ ಮಾಂಸದ ಚೂರುಗಳಿದ್ದರೆ ವೈರಸ್ ಅವುಗಳ ಮೂಲಕ ದೊಡ್ಡಿ ಸೇರುತ್ತಿತ್ತು. ಹಾಗಾಗಿ ಮುಸುರೆಯನ್ನು ಕುದಿಸಿಯೇ ಹಂದಿಗೆ ಹಾಕಬೇಕೆಂಬ ನಿಯಮಗಳನ್ನು ಬಿಗಿಗೊಳಿಸಲಾಯಿತು. ಸೋಂಕಿದ ದೊಡ್ಡಿಯ ಹಂದಿಗಳನ್ನೆಲ್ಲ ಕೊಂದು ಮಾಲೀಕರಿಗೆ ಪರಿಹಾರ ಕೊಡಲಾಯಿತು. 1960ರ ದಶಕ ಮುಗಿಯುವ ಹೊತ್ತಿಗೆ ಜೀವಂತ ವೈರಸ್ ಲಸಿಕೆಯನ್ನೂ ನಿಷೇಧಿಸಲಾಯಿತು. ಅರ್ಧ ಶತಮಾನ ಕಾಪಾಡಿದ ಅಸ್ತ್ರವನ್ನು ಕೆಳಗಿಡಲು ಅನೇಕ ರೈತರು ಹೆದರಿದ್ದು ಸಹಜ. ಕೊನೆಯ ಪ್ರಕರಣ 1976ರಲ್ಲಿ ನ್ಯೂಜೆರ್ಸಿಯಲ್ಲಿ ವರದಿಯಾಯಿತು. 1978ರ ಜನವರಿಯಲ್ಲಿ ದೇಶ ರೋಗಮುಕ್ತವೆಂದು ಘೋಷಣೆಯಾಯಿತು.

ಭಾರತದಲ್ಲಿ ರೋಗ ಇನ್ನೂ ಇದೆ. ಹಂದಿ ಸಾಕಣೆ ಹೆಚ್ಚಿರುವ ಈಶಾನ್ಯ ರಾಜ್ಯಗಳಿಗೆ ಅದರ ಪೆಟ್ಟು ಜೋರು. ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ ಸಂಸ್ಥೆ ಅದರ ಹರಡುವಿಕೆಯ ಮೇಲೆ ಕಣ್ಣಿಟ್ಟಿರುವ ಕೇಂದ್ರಗಳಲ್ಲೊಂದು. ಇಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದದ್ದು ಬ್ರಿಟನ್ನಿನಿಂದ ಬಂದ ವೇಬ್ರಿಡ್ಜ್ ತಳಿಯ ಮೊಲದ ಲಸಿಕೆ. ಒಂದು ಮೊಲವನ್ನು ಕೊಂದು ಅದರ ಗುಲ್ಮದಿಂದ ತೆಗೆದರೆ ಸಿಗುತ್ತಿದ್ದುದು ಸುಮಾರು 50 ಡೋಸ್. ದೇಶಕ್ಕೆ ವರ್ಷಕ್ಕೆ ಬೇಕಾಗಿದ್ದ ಸುಮಾರು 2.2 ಕೋಟಿ ಡೋಸ್‌ಗಳ ಎದುರು ತಯಾರಾಗುತ್ತಿದ್ದುದು 12 ಲಕ್ಷದಷ್ಟು. 2020ರ ಫೆಬ್ರುವರಿಯಲ್ಲಿ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಲಸಿಕೆ ಬಿಡುಗಡೆಯಾಯಿತು. ಅದನ್ನು ದೇಶದಲ್ಲೇ ಸಿಕ್ಕ ವೈರಸ್ ತಳಿಯನ್ನು ಪಳಗಿಸಿ, ಪ್ರಯೋಗಾಲಯದ ಜೀವಕೋಶಗಳಲ್ಲಿ ಬೆಳೆಸಿ ತಯಾರಿಸುತ್ತಾರೆ. ಮೊಲವನ್ನು ಕೊಲ್ಲಬೇಕಿಲ್ಲ. ಮೊಲದ ಲಸಿಕೆಗೆ ಡೋಸಿಗೆ 15ರಿಂದ 25 ರೂಪಾಯಿ ತಗಲುತ್ತಿದ್ದರೆ, ಇದರ ವೆಚ್ಚ 2 ರೂಪಾಯಿಗೂ ಕಡಿಮೆ ಎಂದು ಬಿಡುಗಡೆಯ ವೇಳೆ ಸರ್ಕಾರ ತಿಳಿಸಿತು.