ಮಾಡಿನ ಲೆಕ್ಕ

ಹೊಸನಗರ ತಾಲ್ಲೂಕಿನ ನಮ್ಮ ಮನೆಗೆ ಈಗ ಎರಡು ಮಾಡು. ಕೆಳಗೆ ಕಾಂಕ್ರೀಟ್ ಸ್ಲಾಬು, ಅದರ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ಹೊದಿಸಿದ ಶೀಟು. ಸಾಗರದಿಂದ ತೀರ್ಥಹಳ್ಳಿವರೆಗೆ ಬಸ್ಸಲ್ಲಿ ಕಿಟಕಿ ಪಕ್ಕ ಕೂತು ನೋಡಿ, ಎಷ್ಟೋ ತಾರಸಿ ಮನೆಗಳು ಹೀಗೇ ಟೋಪಿ ಹಾಕ್ಕೊಂಡು ನಿಂತಿವೆ. ಆಫೀಸಿನ ಗೆಳೆಯರು ಫೋಟೋ ನೋಡಿ, "ಮಾಡಿನ ಮೇಲೆ ಮಾಡು ಯಾಕೋ?" ಅಂತ ಕೇಳ್ತಾರೆ. ಮೊದಲನೆಯದು ಸೋರಿತು, ಅಷ್ಟೆ. ಆದರೆ ಸೋರುವ ಸ್ಲಾಬಿಗೆ ನಾನು ಒಪ್ಪಿದ್ದಕ್ಕಿಂತ ಮೂರು ಚದರದ ದುಡ್ಡು ಜಾಸ್ತಿ ಯಾಕೆ ಕೊಟ್ಟೆ ಅನ್ನೋದನ್ನ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮುನ್ನೂರೈವತ್ತು ವರ್ಷಕ್ಕಿಂತ ಹಿಂದಕ್ಕೆ.

ಈಗಿನ ಹೊಸನಗರ ತಾಲ್ಲೂಕಿನ ನಗರ, ಅಂದರೆ ಆಗಿನ ಬಿದನೂರು, ಕೆಳದಿ ಅರಸರ ರಾಜಧಾನಿ. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ ಹೆಸರಿನ ಜೊತೆ ಇವತ್ತಿಗೂ ಅಂಟಿಕೊಂಡಿರೋ ಪದ 'ಶಿಸ್ತು'. ನಮಗೆ ಶಿಸ್ತು ಅಂದರೆ ಪಿ.ಟಿ. ಮೇಷ್ಟ್ರು ನೆನಪಾಗ್ತಾರೆ. ಅವನ ಕಾಲದಲ್ಲಿ ಅದು ಭೂಕಂದಾಯದ ನಿಗದಿ. ಮೈಸೂರು ಗೆಜೆಟಿಯರ್ ಹೇಳುವ ಪ್ರಕಾರ ಅವನು ಪ್ರತಿ ಹಳ್ಳಿಯಲ್ಲೂ ಮಣ್ಣಿನ ತರಾವರಿ ನೋಡಿ ಗದ್ದೆ ಆರಿಸಿ, ಹನ್ನೆರಡು ವರ್ಷ ಬೇಸಾಯ ಮಾಡಿಸಿದ. ಬೀಜ ಎಷ್ಟು, ಕೂಲಿ ಎಷ್ಟು, ಫಸಲು ಎಷ್ಟು ಅಂತ ಬರೆಸಿದ. ಆಮೇಲೆ ಸರಾಸರಿ ತೆಗೆದು ಮೂರನೇ ಒಂದು ಪಾಲು ಸರ್ಕಾರಕ್ಕೆ ಅಂತ ಗೊತ್ತು ಮಾಡಿದ. ಮೊದಲು ಅಳತೆ, ಆಮೇಲೆ ದರ. ಈ ಕ್ರಮ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆ ಕಾಲದಲ್ಲಿ ಕಲ್ಲಿನ ಮಾಡು ದೇವರಿಗೆ. ಸಾಗರದ ಪಕ್ಕದ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ಅರಸರಿಗೇ ಆ ಭಾಗ್ಯ ಇರಲಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ ಹತ್ತಿದರೆ ಅರಮನೆಯ ಕಲ್ಲಿನ ತಳಪಾಯ, ಮೆಟ್ಟಿಲು, ಕೊಳ ಸಿಗುತ್ತೆ. ಮಾಡು ಇಲ್ಲ. ರೈತರ ಮನೆಗಂತೂ ಹುಲ್ಲು, ಇಲ್ಲವೇ ಅಡಿಕೆ ಸೋಗೆ. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಹೊಸದಾಗಿ ಹೊದಿಸಬೇಕು. ಅದಕ್ಕೆ ಕಂಟ್ರಾಕ್ಟರ್ ಇರಲಿಲ್ಲ, ಮುಯ್ಯಾಳು ಇತ್ತು. ಇವತ್ತು ನಿಮ್ಮನೆ ಮಾಡಿಗೆ ನಾವು, ನಾಳೆ ನಮ್ಮನೆ ಮಾಡಿಗೆ ನೀವು. ಸೋಗೆ ತೆಳುವಾಗಿ ಹೊದಿಸಿದರೆ ಎಲ್ಲರಿಗೂ ಕಾಣುತ್ತಿತ್ತು. ಕಾಣದಿದ್ದರೆ ಮೊದಲ ಮಳೆ ತೋರಿಸುತ್ತಿತ್ತು, ಸರಿಮಾಡೋಕೆ ಹೊದಿಸಿದವನೇ ಪಕ್ಕದ ಮನೇಲಿ ಸಿಗುತ್ತಿದ್ದ.

ಆಮೇಲೆ ಬಂತು ಮಂಗಳೂರು ಹಂಚು. ಕನ್ನಡದ ಮೊದಲ ಪತ್ರಿಕೆಯನ್ನೂ ಕಿಟೆಲ್ ನಿಘಂಟನ್ನೂ ಕೊಟ್ಟ ಬಾಸೆಲ್ ಮಿಷನ್ನೇ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿತು. ಶುರುಮಾಡಿದವರು ಜಾರ್ಜ್ ಪ್ಲೆಬ್ಸ್ಟ್. ಒಂದು ಹಂಚಿನ ಅಂಚು ಇನ್ನೊಂದರ ಕಾಲುವೆಯಲ್ಲಿ ಕೂರುತ್ತೆ, ಹಿಂದಿನ ಗುಬುಟು ರೀಪಿಗೆ ಸಿಕ್ಕಿಕೊಳ್ಳುತ್ತೆ. ನೀರು ನಿಲ್ಲೋದೇ ಇಲ್ಲ. ಕುಪ್ಪಳಿಯ ಕವಿಮನೆಗೆ ಹೋದವರು ಮಲೆನಾಡಿನ ಹಂಚಿನ ಮನೆಯ ಗತ್ತನ್ನು ನೋಡಿರ್ತೀರಿ. ಹಂಚಿನ ಜೊತೆ ಮನೆಗೆ ಎಣಿಕೆಯೂ ಬಂತು. ಇಷ್ಟು ಹಂಚು, ಇಷ್ಟು ಪಕಾಸಿ, ಇಷ್ಟು ರೀಪು ಅಂತ ಯಜಮಾನನಿಗೆ ಬಾಯಲ್ಲೇ ಲೆಕ್ಕ. ಒಂದು ಒಡೆದರೆ ಒಂದು ಬದಲಾಯಿಸಿದರಾಯ್ತು.

ನಮ್ಮ ತಾಲ್ಲೂಕುಗಳಿಗೆ ಆ ಎಣಿಕೆಯ ಬೆಲೆ ಗೊತ್ತಾಗಿದ್ದು ಮುಳುಗಡೆಯಲ್ಲಿ. ಶರಾವತಿಗೆ ಅಡ್ಡಲಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದರ ತುಂಬುಮಟ್ಟ 1819 ಅಡಿ. ಸಾಗರ, ಹೊಸನಗರದ ಎಷ್ಟೋ ಊರು ನೀರಡಿ ಹೋದವು, ನಮ್ಮ ಅಜ್ಜನ ಮನೆಯೂ ಹೋಯಿತು. ಅಜ್ಜ ಹಂಚು ಇಳಿಸಿ, ತೊಲೆ, ಬಾಗಿಲು ಬಿಚ್ಚಿ ಲಾರಿಗೆ ಹೇರಿ ಹೊಸ ಜಾಗಕ್ಕೆ ತಂದರು. ಹಂಚು ಎಣಿಸುವ ಕೆಲಸ ಅಪ್ಪನದು. ಆಗ ಅವರಿಗೆ ಒಂಬತ್ತು ವರ್ಷ. ಹತ್ತಕ್ಕೊಂದು ಸೀಮೆಸುಣ್ಣದ ಗೀಟು. ಹಂಚಿನ ಮನೆ ಹಾಗೆ ಲಾರಿ ಹತ್ತಿತು. ಸ್ಲಾಬಿನ ಮನೆ ಹತ್ತುವುದಿಲ್ಲ.

ಸ್ಲಾಬಿನ ಕಥೆ ಚಿಕ್ಕದು. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. 1867ರಲ್ಲಿ ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೇ, ಒಳಗೆ ಕಬ್ಬಿಣದ ಬಲೆ ಇಟ್ಟು ಮಾಡಿದ ಗಿಡದ ತೊಟ್ಟಿಗೆ ಪೇಟೆಂಟ್ ಪಡೆದ. ಆ ತೊಟ್ಟಿಯ ವಂಶವೇ ನಮ್ಮ ತಲೆ ಮೇಲಿನ ಆರ್‌ಸಿಸಿ. ಮರ ಸಿಗೋದು ಕಷ್ಟವಾದಾಗ, ಮಂಗನ ಕಾಟಕ್ಕೆ ಹಂಚು ಒಡೆದು ಸಾಕಾದಾಗ, ಪೇಟೆಯ ತಾರಸಿ ಮನೆ ನೋಡಿ ಆಸೆಯಾದಾಗ ನಾವೂ ಸ್ಲಾಬು ಹಾಕಿಸಿದೆವು. ಆದರೆ ಒಂದು ವ್ಯತ್ಯಾಸ ಗಮನಿಸಲಿಲ್ಲ. ಸೋಗೆಯೂ ಹಂಚೂ ಕಣ್ಣಿಗೆ ಕಾಣುವ ಮಾಡು. ಸ್ಲಾಬಿನ ಒಳಗೆ ಏನಿದೆ ಅನ್ನೋದು ಒಂದೇ ದಿನದಲ್ಲಿ ಮುಚ್ಚಿಹೋಗುತ್ತೆ.

ನಮ್ಮನೆ ಸ್ಲಾಬು ಹಾಕಿದ್ದು ಮೇ ಕೊನೆಯಲ್ಲಿ. ಪ್ಲಾನಿನ ಪ್ರಕಾರ ಹತ್ತು ಚದರ, ಸಾಮಾನು ಸಮೇತ ಗುತ್ತಿಗೆ, ಚದರಕ್ಕೆ ಇಷ್ಟು ಅಂತ ಬಾಯಿಮಾತು. ಅವತ್ತೇ ನನ್ನ ಪ್ರಾಜೆಕ್ಟಿನ ರಿಲೀಸ್, ಬೆಂಗಳೂರು ಬಿಡೋಕಾಗಲಿಲ್ಲ. ಅಮ್ಮ ಇಪ್ಪತ್ತೈದು ಜನಕ್ಕೆ ಪಾಯಸದ ಊಟ ಮಾಡಿದ್ದರು. ಅಪ್ಪ ಮೇಸ್ತ್ರಿಯನ್ನು, "ಎಷ್ಟು ಮೂಟೆ ಹಿಡಿಯುತ್ತೆ?" ಅಂತ ಕೇಳಿದರಂತೆ. "ಎಷ್ಟು ಹಿಡಿಯುತ್ತೋ ಅಷ್ಟು, ಹೆಗಡೇರೆ" ಅಂದನಂತೆ. ಮಧ್ಯಾಹ್ನ ಮೋಡ ಕಟ್ಟಿತು. ಬೇಗ ಮುಗಿಸೋಕೆ ಮಿಕ್ಸರಿಗೆ ನೀರು ಜಾಸ್ತಿ ಸುರಿದರು. ವಿಡಿಯೋ ಕಾಲಲ್ಲಿ ನೋಡಿದ ನನಗೆ ಕಾಂಕ್ರೀಟು ಸಾರಿನ ಹಾಗೆ ಹರಿಯೋದು ಕಂಡಿತು. ಚೆನ್ನಾಗಿ ಹರಡ್ತಾ ಇದೆ ಅಂದುಕೊಂಡೆ. ಬಿಇ ಓದಿದ ನಾನು!

ಬಿಲ್ಲು ಬಂದಿದ್ದು ಹದಿಮೂರು ಚದರಕ್ಕೆ. ಸಜ್ಜಾ, ಪೋರ್ಟಿಕೋ, ಮೆಟ್ಟಿಲು ಎಲ್ಲ ಬೇರೆ ಅಂತೆ. ಕಾಗದದಲ್ಲಿ ಏನೂ ಇರಲಿಲ್ಲ. ಜೂನಿನಲ್ಲಿ ದೇವರ ಕೋಣೆ ಮೇಲೆ ಹನಿ. "ಮಲೆನಾಡಲ್ಲಿ ಯಾವ ಸ್ಲಾಬು ಸೋರಲ್ಲ ಹೇಳಿ?" ಅಂದ ಕಂಟ್ರಾಕ್ಟರು. ಆಗುಂಬೆ, ಹುಲಿಕಲ್ಲಿನ ಮಳೆಗೆ ಸಪಾಟು ಮಾಡು ಒಗ್ಗೋದಿಲ್ಲ ಅನ್ನೋದು ನಿಜ. ಹಂಚು ನೀರನ್ನು ಜಾರಿಸುತ್ತೆ, ಸ್ಲಾಬು ನಿಲ್ಲಿಸಿಕೊಳ್ಳುತ್ತೆ. ಆದರೆ ಜಾಸ್ತಿ ಸುರಿದ ನೀರು ಆರಿದಾಗ ಒಳಗೆ ಸಣ್ಣ ಸಣ್ಣ ರಂಧ್ರ ಬಿಟ್ಟು ಹೋಗುತ್ತೆ, ಮಳೆಗೆ ಅದೇ ದಾರಿ. ಅದು ಮಲೆನಾಡಿನ ತಪ್ಪಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. ಹತ್ತು ಚದರ ಅಂದರೆ 1000 ಚದರಡಿ. 5 ಇಂಚು ದಪ್ಪಕ್ಕೆ ಸುಮಾರು 417 ಘನ ಅಡಿ, ಅಂದರೆ 11.8 ಘನ ಮೀಟರ್. ಒಂದಕ್ಕೆ ಒಂದೂವರೆ ಮರಳು, ಮೂರು ಜಲ್ಲಿ ಬೆರೆಸಿದರೆ ಘನ ಮೀಟರಿಗೆ ಸುಮಾರು 8 ಮೂಟೆ ಸಿಮೆಂಟು. ಬೀಮು ಬಿಟ್ಟು 95 ಮೂಟೆ. ಅರ್ಧ ಇಂಚು ದಪ್ಪ ಕಮ್ಮಿಯಾದರೆ ಒಂಬತ್ತು ಮೂಟೆ ಯಾರದೋ ಜೇಬಿಗೆ. ಐಎಸ್ 456ರ ಪ್ರಕಾರ ಈ ಮಿಶ್ರಣಕ್ಕೆ ಮೂಟೆಗೆ 30 ಲೀಟರಿಗಿಂತ ಜಾಸ್ತಿ ನೀರು ಹಾಕಬಾರದು. ಕಬ್ಬಿಣದ ತೂಕಕ್ಕೆ ತಕ್ಕಡಿಯೂ ಬೇಡ. ಸರಳಿನ ದಪ್ಪದ ಮಿಲಿಮೀಟರನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಅಂತ ಸಿಗುತ್ತೆ. ಇದರಲ್ಲಿ ಯಾವುದೂ ಗುಟ್ಟಲ್ಲ. ಆಫೀಸಲ್ಲಿ ಒಂದು ಬಟನ್ ಬದಲಾಯಿಸೋಕೂ ಕ್ಲೈಂಟ್ ಹತ್ತಿರ ಲಿಖಿತ ಒಪ್ಪಿಗೆ ಕೇಳುವ ನಾನು, ಅಪ್ಪ ಅಮ್ಮನ ತಲೆ ಮೇಲಿನ ಮಾಡನ್ನು ಬಾಯಿಮಾತಿಗೆ ಬಿಟ್ಟಿದ್ದೆ. ಅಳತೆಗೆ ಮೊದಲೇ ದರ ಮಾತಾಡಿದ್ದೆ.

ಕಳೆದ ವರ್ಷ ಸಾಗರದಲ್ಲಿ ಅಕ್ಕ ಮನೆ ಕಟ್ಟಿಸಿದಳು. ಈ ಸಲ ಒಂದು ಪುಟದ ಕರಾರು ಬರೆದೆವು. ಯಾವುದನ್ನು ಚದರಕ್ಕೆ ಸೇರಿಸಬೇಕು, ಸಜ್ಜಾಕ್ಕೆ ಎಷ್ಟು, ಸ್ಲಾಬಿನ ದಪ್ಪ ಎಷ್ಟು, ನೀರು ಕಟ್ಟೋದು ಎಷ್ಟು ದಿನ, ಸೆಂಟ್ರಿಂಗ್ ಬಿಚ್ಚೋದು ಯಾವಾಗ, ಕೊನೇ ಕಂತು ಒಂದು ಮಳೆಗಾಲ ಕಳೆದ ಮೇಲೆ. ಮೇಸ್ತ್ರಿ ಮುಖ ಸಿಂಡರಿಸಿದ, ಆಮೇಲೆ ಸಹಿ ಹಾಕಿದ. ಸ್ಲಾಬನ್ನು ಏಪ್ರಿಲಿನಲ್ಲೇ ಹಾಕಿಸಿದೆವು, ಮೇಲೆ ಇಳಿಜಾರೂ ಕೊಡಿಸಿದೆವು. ನಾನು ರಜೆ ಹಾಕಿ ಮಿಕ್ಸರ್ ಪಕ್ಕ ಬಕೆಟ್ ಹಿಡಿದು ನಿಂತಿದ್ದೆ.

ಸಂಜೆ ಹುಡುಕಿದರೆ ಅಪ್ಪ ಊಟದ ಪೆಂಡಾಲಿನಲ್ಲಿ ಇರಲಿಲ್ಲ. ಹಿಂದುಗಡೆ ಜಂಬಿಟ್ಟಿಗೆ ಗೋಡೆ ಹತ್ತಿರ ಖಾಲಿ ಚೀಲ ಮಡಚಿ ಹತ್ತತ್ತರ ಕಟ್ಟು ಕಟ್ಟುತ್ತಿದ್ದರು. ಬೀಮೂ ಸೇರಿ ನನ್ನ ಲೆಕ್ಕ 92 ಇತ್ತು.

"94," ಅಂದರು ಅಪ್ಪ. ಗೋಡೆ ಮೇಲೆ ಒಂಬತ್ತು ಸೀಮೆಸುಣ್ಣದ ಗೀಟಿತ್ತು. ಪಕ್ಕದಲ್ಲಿ ನಾಲ್ಕು ಚೀಲ ಬಿಡಿಯಾಗಿ ಬಿದ್ದಿದ್ದವು.