ಎರಡು ಕತ್ತರಿಯ ಬಳ್ಳಿ

ಮುದ್ದೇಬಿಹಾಳದ ನಮ್ಮ ಹಿತ್ತಿಲಲ್ಲಿ, ಬಾವಿಯ ದಂಡೆಗೆ, ಒಂದು ದ್ರಾಕ್ಷಿ ಬಳ್ಳಿಯಿತ್ತು. ತಾಯಿಯ ಆಸೆಗೆಂದು ತಂದೆಯವರು ನೆಟ್ಟದ್ದು. ಕತ್ತರಿಸುವ ಕೆಲಸ ಮಾತ್ರ ನನ್ನ ಪಾಲಿಗೆ ಬಂದಿತು; ಮನೆಯಲ್ಲಿ ಇಂಗ್ಲಿಷ್ ಪುಸ್ತಕ ಓದಬಲ್ಲವನು ನಾನೊಬ್ಬನೇ. ನನಗೆ ಸಿಕ್ಕಿದ ಪುಸ್ತಕವು ಬೆರಿ ಗಿಡ, ಕರಂಟ್ ಪೊದೆ, ದ್ರಾಕ್ಷಿ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಮಾತು ಹೇಳಿತ್ತು: ಎಲೆಯುದುರಿ ಗಿಡ ಮಲಗಿದಾಗ, ವರ್ಷಕ್ಕೊಮ್ಮೆ, ನಡುಚಳಿಗಾಲದಲ್ಲಿ ಕತ್ತರಿಸಬೇಕು. ನಾನು ಜನವರಿಯಲ್ಲಿ ಎರಡೆರಡು ಕಣ್ಣು ಉಳಿಸಿ ಕತ್ತರಿಸಿದೆ. ಮೂರು ವರ್ಷ ಚಪ್ಪರದ ತುಂಬ ಎಲೆ. ಗೊಂಚಲು ಎನ್ನುವಂಥದು ಬರಲಿಲ್ಲ. ನಾಲ್ಕನೆಯ ವರ್ಷ ತಾಯಿ ಇರಲಿಲ್ಲ.

ಆಮೇಲೆ ಇಂಡಿ ಕಡೆಯ ಬೀಗರೊಬ್ಬರು ಬಂದು ಚಪ್ಪರದ ಕೆಳಗೆ ನಿಂತು ನಕ್ಕರು. "ತಮ್ಮಾ, ಬ್ಯಾಸಗಿ ಚಾಟನಿ ಕಡ್ಡಿಗಿ, ದೀಪಾವಳಿ ಮುಂದಿನ ಚಾಟನಿ ಕಾಯಿಗಿ. ನೀ ಯಾವ ದೇಶದ ಲೆಕ್ಕಾ ಹಿಡಿದಿ?"

ಆ ಪ್ರಶ್ನೆಯೇ ನನ್ನನ್ನು ಚರಿತ್ರೆಯ ಕಡೆಗೆ ತಿರುಗಿಸಿತು.

ಕರಂಟ್ ಎಂಬ ಹೆಸರೇ ಒಂದು ಕಥೆ. ಗ್ರೀಸಿನ ಕೊರಿಂತ್ ಪಟ್ಟಣದ ಹೆಸರಿನಿಂದ ಬಂದ ಈ ಮಾತು ಮೊದಲು ಒಣಗಿಸಿದ ಸಣ್ಣ ಕರಿದ್ರಾಕ್ಷಿಗೆ ಸಲ್ಲುತ್ತಿತ್ತು. ಯುರೋಪಿನ ತಂಪು ನಾಡುಗಳ ಪೊದೆಯ ಹಣ್ಣು ಅದನ್ನು ಹೋಲುತ್ತದೆಂದು ಅದಕ್ಕೂ ಅದೇ ಹೆಸರಾಯಿತು. ಆ ಪೊದೆಗೆ ತಿಂಗಳುಗಟ್ಟಲೆ ಚಳಿ ಬೇಕು. ನಮ್ಮ ಎರೆನಾಡಿನಲ್ಲಿ ಅದು ಕಾಯಿ ಬಿಡದು. ಆದರೆ ಹೆಸರು ಕೊಟ್ಟ ದ್ರಾಕ್ಷಿ ಶತಮಾನಗಳಿಂದ ದಖ್ಖನಿನಲ್ಲಿದೆ. 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತ ದೌಲತಾಬಾದಿನ ದ್ರಾಕ್ಷಿ ವರ್ಷಕ್ಕೆರಡು ಸಲ ಫಲ ಕೊಡುವುದೆಂದು ಬರೆದಿದ್ದಾನೆ. ಸುಮಾರು 1520ರಲ್ಲಿ ವಿಜಯನಗರ ಕಂಡ ಪೋರ್ಚುಗೀಸ್ ಡೊಮಿಂಗೊ ಪಾಯೆಸ್ ಒಂದು ಹಣಕ್ಕೆ ಮೂರು ಗೊಂಚಲು ದ್ರಾಕ್ಷಿ, ಹತ್ತು ದಾಳಿಂಬೆ ಎಂದು ದರವನ್ನೇ ಕೊಟ್ಟಿದ್ದಾನೆ.

ಎರಡು ಸಲ ಫಲ ಕೊಡುವ ಬಳ್ಳಿಯಿಂದ ಒಂದೇ ಸಲ ಬೆಳೆ ತೆಗೆಯುವುದು ಏಕೆ? ನಮ್ಮಲ್ಲಿ ಚಳಿಗಾಲಕ್ಕೆ ಬಳ್ಳಿಯನ್ನು ಮಲಗಿಸುವ ಶಕ್ತಿಯಿಲ್ಲ. ಆ ಕೆಲಸವನ್ನು ಕತ್ತರಿ ಮಾಡಬೇಕು. ಏಪ್ರಿಲ್‌ನಲ್ಲಿ ಒಂದೇ ಕಣ್ಣುಳಿಸಿ ಕತ್ತರಿಸಿದರೆ ಹೊಸ ಕಡ್ಡಿ ಬರುತ್ತದೆ. ಒಂದೂವರೆ ಎರಡು ತಿಂಗಳಲ್ಲಿ ಅದರ ಕಣ್ಣುಗಳೊಳಗೆ, ಹೊರಗೆ ಏನೂ ಕಾಣದಂತೆ, ಮುಂದಿನ ಗೊಂಚಲು ರೂಪುಗೊಳ್ಳುತ್ತದೆ. ಆಗ ಬಿಸಿಲು ಬೇಕು. ಮೋಡ ಕವಿದರೆ ಕಣ್ಣು ಬಂಜೆ. ಅಕ್ಟೋಬರ್‌ನಲ್ಲಿ ಆ ಕಡ್ಡಿಯನ್ನು ಆರೆಂಟು ಕಣ್ಣು ಉಳಿಸಿ ಕತ್ತರಿಸಿದರೆ ಗೊಂಚಲು ಹೊರಬರುತ್ತದೆ. ಹಣ್ಣು ಮಳೆಯಿಲ್ಲದ ಫೆಬ್ರವರಿ ಮಾರ್ಚ್‌ನಲ್ಲಿ ಸಿಹಿಯಾಗುತ್ತದೆ. ಬೀಜವಿಲ್ಲದ ಥಾಮ್ಸನ್ ತಳಿಯಲ್ಲಿ ಬುಡದ ಕಣ್ಣುಗಳು ಸಾಮಾನ್ಯವಾಗಿ ಬರಡು. ನಾನು ವರ್ಷವರ್ಷವೂ ಉಳಿಸಿದ್ದು ಅವನ್ನೇ. ಫಲದ ಕಣ್ಣುಗಳನ್ನೆಲ್ಲ ಕತ್ತರಿಸಿ ತಿಪ್ಪೆಗೆ ಹಾಕಿದ್ದೆ.

ದ್ರಾಕ್ಷಿಯ ಕೀರ್ತಿಯನ್ನು ಸುಲ್ತಾನರಿಗೆ ಕೊಡುವುದು ನಮ್ಮ ರೂಢಿ. ನನಗೆ ದೊಡ್ಡವನಾಗಿ ಕಾಣುವವನು ಮಳೆಗಾಲದ ಹುಳಿಹಣ್ಣಿನ ಆಸೆ ಬಿಟ್ಟು, ಬೇಸಗೆಯ ಕಡ್ಡಿಯನ್ನು ಚಳಿಗಾಲದ ಹಣ್ಣಿಗೆ ಮೀಸಲಿಟ್ಟ ಹೆಸರಿಲ್ಲದ ತೋಟಿಗ.

ಇನ್ನೊಂದು ಸ್ವಾರಸ್ಯ. 1870ರ ದಶಕದಲ್ಲಿ ಅಮೆರಿಕದಿಂದ ಫ್ರಾನ್ಸಿಗೆ ಎಲೆಯ ಬೂಷ್ಟು ರೋಗ ಬಂದಿತು. ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಷ್ಟೇ ಹಸಿರಾಗಿದ್ದುದನ್ನು ಮಿಲಾರ್ದೆ ಎಂಬ ವಿಜ್ಞಾನಿ ಗಮನಿಸಿದನು; 1885ರಲ್ಲಿ ಅದು ಔಷಧಿಯೆಂದು ಪ್ರಸಿದ್ಧವಾಯಿತು. ಕಳ್ಳರ ಭಯ ಇಷ್ಟು ಉಪಕಾರ ಮಾಡಿದ ಉದಾಹರಣೆ ಕಡಿಮೆ.

ನಮ್ಮ ಜಿಲ್ಲೆಯ ಕಷ್ಟ ನೀರಿನದು. ಆಲಮಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದಿತು. ಅಣೆಕಟ್ಟು ನಾಡಿಗೆ ಅರ್ಪಣೆಯಾದದ್ದು 2006ರಲ್ಲಿ. ಆ ನಡುವೆ ಎಷ್ಟೋ ಬಾವಿ ಬತ್ತಿದವು, ಎಷ್ಟೋ ಸವಳಾದವು. ಬರ, ಸವಳುಗಳನ್ನು ತಾಳುವ ಟೆಕ್ಸಾಸಿನ ಡಾಗ್‌ರಿಜ್ ಬೇರಿನ ಮೇಲೆ ಥಾಮ್ಸನ್ ಕಸಿ ಕಟ್ಟಿದ ಮೇಲೆ ತೋಟಗಳು ನಿಂತವು. ನಾಲ್ಕು ಕಿಲೋ ಹಣ್ಣು ನೆರಳಿನಲ್ಲಿ ಒಣಗಿ ಒಂದು ಕಿಲೋ ಮಣೂಕ ಆಗುವಾಗ, ಅದರಲ್ಲಿ ಆರಿಹೋದದ್ದು ಬೇಸಗೆಯಲ್ಲಿ ಟ್ಯಾಂಕರಿನಿಂದ ಕೊಂಡ ನೀರೂ ಹೌದು.

ಬೀಗರ ಮಾತಿನಂತೆ ನಾನು ಏಪ್ರಿಲ್‌ನಲ್ಲೂ ಅಕ್ಟೋಬರ್‌ನಲ್ಲೂ ಕತ್ತರಿಸಿದೆ. ಫೆಬ್ರವರಿ ಕೊನೆಗೆ ಹನ್ನೊಂದು ಗೊಂಚಲು ಬಂದವು. ತಂದೆಯವರು ಮೊದಲನೆಯದನ್ನು ತೊಳೆದು, ತಾಯಿಯ ಪಟದ ಮುಂದಿಟ್ಟು, ಏನೂ ಹೇಳದೆ ಹಿತ್ತಿಲಿಗೆ ಹೋದರು.